ಹೋಟೆಲ್ ಲೆಕ್ಕದ ಉಪವೃತ್ತಿ: ಯಾವ ಕೆಲಸ ಬಿಟ್ಟುಕೊಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು

ಡೊಂಬಿವಲಿಯಿಂದ ಮುಂಬಯಿಯ ಫೋರ್ಟಿನ ಕಚೇರಿಗೆ ಹೋಗಿ ಬರುವಷ್ಟರಲ್ಲಿ ದಿನದ ಸುಮಾರು ಮೂರು ಗಂಟೆ ಲೋಕಲ್ ರೈಲಿಗೆ ಸಲ್ಲುತ್ತದೆ. ಅದರ ಮೇಲೆ ರಾತ್ರಿ ಊಟವಾದ ನಂತರ ಲೆಕ್ಕ ಬರೆದುಕೊಡಲು ನಾಲ್ಕು ಹೋಟೆಲುಗಳ ಬಿಲ್ಲಿನ ಕಟ್ಟು ಬಿಚ್ಚಿಕೊಂಡು ಕುಳಿತರೆ, ಮನೆಯಲ್ಲಿದ್ದೂ ಮನೆಯವರಿಗೆ ಸಿಗದಂತಾಗುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಹಿರಿಯರ ಊರಿದು. ಎರಡು ಪಾಳಿಯ ಬದುಕು ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಆದರೆ ಅವರಲ್ಲಿ ಅನೇಕರು ಆಗ ಒಂಟಿಯಾಗಿದ್ದರು ಎಂಬುದನ್ನು ನಾವು ಮರೆಯುತ್ತೇವೆ.

ಈ ಕೆಲಸದ ಒಂದು ಭಾಗವನ್ನು ಹಂಚಿಕೊಡಲು ಸಹಾಯಕರನ್ನು ಹುಡುಕುವ ಮೊದಲು ಒಂದು ತಿಂಗಳ ಕಾಲ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ನಾಲ್ಕು ಹೋಟೆಲುಗಳಿಂದ ತಲಾ 2,500ರಂತೆ ತಿಂಗಳಿಗೆ 10,000 ರೂಪಾಯಿ ಬರುತ್ತದೆ, ಅದಕ್ಕೆ 30 ಗಂಟೆ ಹಿಡಿಯುತ್ತದೆ, ಅದರಲ್ಲಿ 20 ಗಂಟೆ ಬರೀ ಬಿಲ್ಲು ನಮೂದಿಸುವುದಕ್ಕೇ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಆ 20 ಗಂಟೆಯ ಕೆಲಸವನ್ನು 3,000 ರೂಪಾಯಿಗೆ ಬೇರೆಯವರಿಗೆ ಒಪ್ಪಿಸಿ, ಅವರು ಮಾಡಿದ್ದನ್ನು ಪರಿಶೀಲಿಸಲು ನೀವು ಮೂರು ಗಂಟೆ ಹೆಚ್ಚಿಗೆ ಕೊಟ್ಟರೂ, 13 ಗಂಟೆಗೆ 7,000 ರೂಪಾಯಿ ಉಳಿಯುತ್ತದೆ. ಒಟ್ಟು ಆದಾಯ ಇಳಿದರೂ ನಿಮ್ಮ ಒಂದು ಗಂಟೆಯ ಬೆಲೆ 333ರಿಂದ ಸುಮಾರು 538ಕ್ಕೆ ಏರುತ್ತದೆ, ತಿಂಗಳಿಗೆ 17 ಗಂಟೆ ಮನೆಗೆ ಮರಳುತ್ತದೆ. ಈ ಲೆಕ್ಕ ಕೂಡಿಬರದಿದ್ದರೆ ಹಂಚುವುದಕ್ಕಿಂತ ಒಂದು ಹೋಟೆಲನ್ನು ಬಿಟ್ಟುಬಿಡುವುದೇ ಮೇಲು.

ಇದರ ಜೊತೆಗೇ ನಿಮ್ಮ ನೇಮಕಾತಿ ಪತ್ರವನ್ನು ತೆಗೆದು ಓದಿ. ಬೇರೆ ಸಂಪಾದನೆಗೆ ಅನುಮತಿ ಬೇಕೆಂದು ಅದರಲ್ಲಿದ್ದರೆ ಲಿಖಿತವಾಗಿಯೇ ಪಡೆಯಿರಿ. ಕಚೇರಿಯ ಲ್ಯಾಪ್‌ಟಾಪನ್ನು ಈ ಕೆಲಸಕ್ಕೆ ಮುಟ್ಟಬೇಡಿ.

ಯಾವುದನ್ನು ಕೊಡಬಾರದು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಸಾಮಾನ್ಯ ಉಪಾಹಾರ ಗೃಹಗಳು ಶೇಕಡಾ 5ರ ಜಿಎಸ್‌ಟಿ ಕಟ್ಟುತ್ತವೆ ಮತ್ತು ಖರೀದಿಯ ಮೇಲಿನ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಆದ್ದರಿಂದ ವಾಶಿ ಮಾರುಕಟ್ಟೆಯ ತರಕಾರಿ ಚೀಟಿಯಲ್ಲಿ ಒಂದು ಅಂಕಿ ತಪ್ಪಿದರೆ ಲಾಭನಷ್ಟದ ಪಟ್ಟಿ ಕೆಡುತ್ತದೆಯೇ ಹೊರತು ಜಿಎಸ್‌ಟಿ ಕೆಡುವುದಿಲ್ಲ. ಮಾರಾಟದ ಅಂಕಿ ತಪ್ಪಿದರೆ ನೇರವಾಗಿ ತೆರಿಗೆಯೇ ತಪ್ಪುತ್ತದೆ. ಅದರಲ್ಲೂ ಆಹಾರ ತಲುಪಿಸುವ ಆ್ಯಪ್‌ಗಳ ಮೂಲಕ ಆದ ಮಾರಾಟದ ತೆರಿಗೆಯನ್ನು 2022ರ ಜನವರಿ 1ರಿಂದ ಆ್ಯಪ್ ನಡೆಸುವ ಸಂಸ್ಥೆಯೇ ಕಟ್ಟುತ್ತದೆ, ಹೋಟೆಲು ಆ ಮೊತ್ತವನ್ನು ರಿಟರ್ನಿನಲ್ಲಿ, ಅಂದರೆ ತೆರಿಗೆ ಇಲಾಖೆಗೆ ಸಲ್ಲಿಸುವ ಲೆಕ್ಕಪತ್ರದಲ್ಲಿ, ಪ್ರತ್ಯೇಕವಾಗಿ ತೋರಿಸಬೇಕು. ನಾನು ಮೊದಲ ಬಾರಿಗೆ ಕೆಲಸ ಹಂಚಿದಾಗ ಇದನ್ನು ಹೇಳಿಕೊಡಲು ಮರೆತಿದ್ದೆ. ಸಹಾಯಕಿ ಆ್ಯಪ್‌ನ ಮಾರಾಟವನ್ನೂ ಗಲ್ಲಾಪೆಟ್ಟಿಗೆಯ ಮಾರಾಟಕ್ಕೆ ಕೂಡಿಸಿಬಿಟ್ಟಿದ್ದರು. ಅದು ನನ್ನ ಕಣ್ಣಿಗೆ ಬಿದ್ದದ್ದು 19ನೇ ತಾರೀಖಿನ ರಾತ್ರಿ, ತೆರಿಗೆ ಕಟ್ಟುವ ಕೊನೆಯ ದಿನದ ಹಿಂದಿನ ರಾತ್ರಿ. ತಪ್ಪು ನನ್ನದೇ ಆಗಿತ್ತು. ಅಂದಿನಿಂದ ಖರೀದಿ ಬಿಲ್ಲು, ಸಂಬಳದ ಪಟ್ಟಿ ಮತ್ತು ಬ್ಯಾಂಕ್ ನಮೂದುಗಳನ್ನು ಕೊಡುತ್ತೇನೆ. ಮಾರಾಟದ ಹೊಂದಾಣಿಕೆ, ರಿಟರ್ನ್ ಸಲ್ಲಿಕೆ ಮತ್ತು ಮಾಲೀಕರೊಡನೆ ಮಾತುಕತೆಯನ್ನು ನಾನೇ ಇಟ್ಟುಕೊಂಡಿದ್ದೇನೆ. ಜಿಎಸ್‌ಟಿ ಪೋರ್ಟಲಿನ ಪಾಸ್‌ವರ್ಡನ್ನು ಯಾರಿಗೂ ಕೊಡಬೇಡಿ. ಬಿಲ್ಲುಗಳು ಇನ್ನೊಬ್ಬರ ಕೈಗೆ ಹೋಗುತ್ತವೆ ಎಂಬುದನ್ನು ಮಾಲೀಕರಿಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಿರಿ.

ಈ ಕೆಲಸಕ್ಕೆ ಬಿ.ಕಾಂ. ಓದಿ, ಮಗುವಾದ ನಂತರ ನೌಕರಿ ಬಿಟ್ಟವರು, ಬ್ಯಾಂಕಿನಿಂದ ನಿವೃತ್ತರಾದವರು ಚೆನ್ನಾಗಿ ಹೊಂದುತ್ತಾರೆ. ಮಾಲೀಕರು ಕನ್ನಡ, ತುಳು ಮಾತನಾಡಿದರೂ ಸಗಟು ವ್ಯಾಪಾರಿಗಳ ಚೀಟಿ ಹೆಚ್ಚಾಗಿ ಮರಾಠಿ ಕೈಬರಹದಲ್ಲಿರುವುದರಿಂದ, ಅದನ್ನು ಓದಬಲ್ಲವರೇ ಬೇಕು. ಹಾಗೆಂದು ಹೆಂಡತಿಗೋ ತಂಗಿಗೋ ಪುಕ್ಕಟೆಯಾಗಿ ದಾಟಿಸುವುದನ್ನು ನಾನು ಹೊರಗುತ್ತಿಗೆ ಎಂದು ಒಪ್ಪುವುದಿಲ್ಲ. ಅದರಿಂದ ಮನೆಯ ಹೊರೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ, ಅಷ್ಟೆ. ಸಂಭಾವನೆಯನ್ನು ಗಂಟೆಗಿಷ್ಟು ಎನ್ನುವುದಕ್ಕಿಂತ ಹೋಟೆಲಿಗಿಷ್ಟು ಎಂದು ನಿಗದಿಪಡಿಸಿ, ಒಂದೇ ತಾರೀಖಿಗೆ ಬ್ಯಾಂಕ್ ಮೂಲಕ ಪಾವತಿಸಿ. ಮಾಲೀಕರು ನಿಮಗೆ ಹಣ ಕೊಡುವುದು ತಡವಾದರೂ ಸಹಾಯಕರ ಹಣ ತಡವಾಗಬಾರದು.

ಕಲಿಸುವಾಗ ಮಾತಿನಲ್ಲಿ ಹೇಳುತ್ತಾ ಕೂರುವ ಬದಲು, ನೀವು ಒಂದು ಹೋಟೆಲಿನ ಒಂದು ವಾರದ ಬಿಲ್ಲುಗಳನ್ನು ನಮೂದಿಸುವಾಗ ಪರದೆಯನ್ನು ರೆಕಾರ್ಡ್ ಮಾಡಿ ಕಳುಹಿಸಿ. ಸಂದೇಹ ಬಂದಾಗಲೆಲ್ಲ ಅವರು ನಿಮ್ಮನ್ನು ಕೇಳದೆ ಅದನ್ನೇ ನೋಡಿಕೊಳ್ಳಬಹುದು. ಮೊದಲ ತಿಂಗಳು ಒಂದೇ ಹೋಟೆಲನ್ನು ಸಂಬಳ ಕೊಟ್ಟೇ ಪರೀಕ್ಷೆಗೆ ಒಪ್ಪಿಸಿ, ಮುಂದಿನ ತಿಂಗಳು ಎರಡಕ್ಕೆ ಏರಿಸಿ. ಓದಲಾಗದ ಬಿಲ್ಲನ್ನು ಊಹೆಯಿಂದ ತುಂಬದೆ ಖಾಲಿ ಬಿಟ್ಟು ಗುರುತು ಹಾಕಬೇಕೆಂದು ಮೊದಲ ದಿನವೇ ಹೇಳಿ.

ದಿನಾಂಕಗಳನ್ನು ಹಿಂದಿನಿಂದ ಎಣಿಸಿಕೊಂಡು ಬನ್ನಿ. ಪ್ರತಿ ತಿಂಗಳೂ ರಿಟರ್ನ್ ಸಲ್ಲಿಸುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, ಒಟ್ಟು ಲೆಕ್ಕ ತೋರಿಸಿ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನ. ತೆರಿಗೆ ಬಾಕಿಯಿರುವ 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ ಮತ್ತು ವಾರ್ಷಿಕ ಶೇಕಡಾ 18ರ ಬಡ್ಡಿ. ಹಾಗಾಗಿ ಸಹಾಯಕರ ಗಡುವು 5ನೇ ತಾರೀಖಿಗಿರಲಿ. ತಿಂಗಳ ಕೊನೆಗೆ ಚೀಲ ತುಂಬ ಬಿಲ್ಲು ತಂದು ಸುರಿಯುವ ಅಭ್ಯಾಸವಿರುವ ಮಾಲೀಕರಿಗೆ, ಪ್ರತಿ ಸೋಮವಾರ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳುಹಿಸುವಂತೆ ಹೇಳಿ ಒಪ್ಪಿಸುವುದು ಈ ಇಡೀ ವ್ಯವಸ್ಥೆಯ ಅತ್ಯಂತ ಕಷ್ಟದ ಭಾಗ. ನನಗೆ ಅದಕ್ಕೆ ಆರು ತಿಂಗಳು ಹಿಡಿಯಿತು.

ಈ ಸಂಪಾದನೆಯನ್ನು ಆದಾಯ ತೆರಿಗೆಯಲ್ಲಿ ತೋರಿಸಬೇಕು, ಸಂಬಳದಾರರು ತುಂಬುವ ಸರಳ ನಮೂನೆ ಐಟಿಆರ್-1 ಇದಕ್ಕೆ ಸಾಲದು. ಸಂಬಳದಲ್ಲಿ ಕಡಿತವಾದದ್ದನ್ನು ಕಳೆದು ಬಾಕಿ ತೆರಿಗೆ 10,000 ರೂಪಾಯಿ ಮುಟ್ಟಿದರೆ ಮುಂಗಡ ತೆರಿಗೆಯೂ ಬರುತ್ತದೆ, ಅಂದರೆ ತೆರಿಗೆಯನ್ನು ಆ ವರ್ಷದೊಳಗೇ ಕಂತಿನಲ್ಲಿ ಕಟ್ಟಬೇಕು.

ಉಳಿದ 17 ಗಂಟೆ ಎಲ್ಲಿಗೆ ಹೋಗಬೇಕೆಂದು ಮನೆಯವರೊಡನೆ ಕುಳಿತು ಮೊದಲೇ ನಿರ್ಧರಿಸಿ. ಮಂಗಳವಾರ ಮತ್ತು ಗುರುವಾರ ರಾತ್ರಿ ಕಂಪ್ಯೂಟರ್ ತೆರೆಯುವುದಿಲ್ಲ ಎಂಬಂಥ ಸ್ಪಷ್ಟ ಒಪ್ಪಂದವಿಲ್ಲದಿದ್ದರೆ, ಐದನೆಯ ಹೋಟೆಲಿನವರ ಫೋನು ಬಂದೇ ಬರುತ್ತದೆ ಮತ್ತು ನೀವು ಒಪ್ಪಿಕೊಂಡೇಬಿಡುತ್ತೀರಿ. ಮೂರು ತಿಂಗಳಾದರೂ ಪರಿಶೀಲನೆಯ ಸಮಯ ಇಳಿಯದಿದ್ದರೆ ಸಹಾಯಕರನ್ನು ಬದಲಿಸಬೇಕಾಗಬಹುದು. ಹಾಗೆ ಮಾಡುವಾಗ ಒಂದು ತಿಂಗಳು ಮುಂಚಿತವಾಗಿ ತಿಳಿಸಿ, ಕಡತಗಳನ್ನೆಲ್ಲ ಮರಳಿ ಪಡೆದು, ಬೀಳ್ಕೊಡುವ ದಿನವನ್ನು 20ನೇ ತಾರೀಖಿನ ನಂತರ ಇಟ್ಟುಕೊಳ್ಳಿ.