ಪಾವಗಡದಲ್ಲಿ ಟೊಳ್ಳು ಮೂಳೆ ಹುಡುಕುವುದು

ಪಾವಗಡದ ಕಡೆ ಬೆನ್ನು ನೋವು ಅಂತ ಬಂದವರು ಕಾರಣವನ್ನೂ ತಾವೇ ಹೇಳಿಬಿಡುತ್ತಾರೆ: ‘ಎಲ್ಲಾ ಈ ನೀರಿಂದಾನೇ ಡಾಕ್ಟ್ರಮ್ಮ.’ ಮಾತು ಸುಳ್ಳಲ್ಲ. ಇಲ್ಲಿನ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಆದರೆ ಎಲ್ಲವನ್ನೂ ನೀರಿನ ತಲೆಗೆ ಕಟ್ಟಿದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಕಣ್ಣಿಗೇ ಬೀಳುವುದಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿಯುತ್ತದೆ, ಮೂಳೆ ಕಟ್ಟುವುದಕ್ಕಿಂತ ಕರಗುವುದು ಜಾಸ್ತಿಯಾಗುತ್ತದೆ. ಮುರಿಯುವ ತನಕ ನೋವೇ ಇರುವುದಿಲ್ಲ.

ಹಾಗಾಗಿ ನಾನು ನೋವು ಬಿಟ್ಟು ಬೇರೆ ಕೇಳುತ್ತೇನೆ. ‘ಈಚೆಗೆ ಸೀರೆ ನೆರಿಗೆ ಕಾಲಿಗೆ ತೊಡರುತ್ತಾ ಅಮ್ಮ?’ ಹೌದು ಅಂದರೆ ಎತ್ತರ ಕುಗ್ಗಿರಬಹುದು. ಗೋಡೆಗೆ ಒರಗಿಸಿ ನಿಲ್ಲಿಸುತ್ತೇನೆ. ತಲೆ ಗೋಡೆಗೆ ತಾಗದಿದ್ದರೆ ಬೆನ್ನುಮೂಳೆ ಕುಸಿದಿದೆಯೇ ಅಂತ ಎಕ್ಸ್‌ರೇ. ದಮ್ಮಿಗೋ ಕೀಲುನೋವಿಗೋ ತಿಂಗಳುಗಟ್ಟಲೆ ಮೂಳೆ ಸವೆಸುವ ಸ್ಟಿರಾಯ್ಡ್ ನುಂಗಿದ್ದಾರಾ ಅಂತ ಚೀಟಿ ತರಿಸಿ ನೋಡುತ್ತೇನೆ. ಜ್ವರ ಇದ್ದು ತೂಕ ಇಳಿಯುತ್ತಿದ್ದರೆ ಮೊದಲು ಟಿಬಿ, ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ನಮ್ಮಲ್ಲಿ ಒಂದು ತೊಡಕಿದೆ. ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಮೂಳೆಗೆ ಸೇರಿ ಬರುವ ಕಾಯಿಲೆ, ಆದವರ ಬೆನ್ನುಮೂಳೆ ದಟ್ಟವಾಗಿ ಕಾಣುತ್ತದೆ, ಸ್ಕೋರ್ ಚೆನ್ನಾಗೇ ಬರಬಹುದು. ದಟ್ಟವಾದ ಮೂಳೆಯೆಲ್ಲ ಗಟ್ಟಿ ಮೂಳೆ ಅಲ್ಲ. ಅದಕ್ಕೇ ನಾನು ಅಂಕಿಗಿಂತ ಮುರಿತವನ್ನು ನಂಬುತ್ತೇನೆ. ಬಚ್ಚಲಲ್ಲಿ ಸುಮ್ನೆ ಜಾರಿದ್ದಕ್ಕೇ ಸೊಂಟದ ಕೀಲಿನ ಮೂಳೆ ಮುರಿದಿದ್ದರೆ ಸ್ಕ್ಯಾನಿಗೆ ಕಾಯದೆ ಚಿಕಿತ್ಸೆಗೆ ತೊಡಗುತ್ತೇನೆ.

ಔಷಧಿಗೆ ಮುಂಚೆ ಕ್ಯಾಲ್ಸಿಯಂ, ವಿಟಮಿನ್ ಡಿ, ಕಿಡ್ನಿ ಪರೀಕ್ಷೆ. ಡಿ ಕಡಿಮೆ ಇದ್ದರೆ ಮೊದಲು ಅದನ್ನು ಸರಿಮಾಡಬೇಕು. ‘ಮುದ್ದೆ ತಿನ್ನೋರಿಗೆ ಕ್ಯಾಲ್ಸಿಯಂ ಯಾಕೆ?’ ಅಂತ ಕೇಳುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಒಳ್ಳೆಯದೇ. ಆದರೆ ಮುಟ್ಟು ನಿಂತವರಿಗೆ ದಿನಕ್ಕೆ 1200 ಬೇಕು. ವಯಸ್ಸಾದವರು ತಿನ್ನುವುದು ಪುಟ್ಟ ಮುದ್ದೆ, ಕರೆದ ಹಾಲು ಡೈರಿಗೆ ಹೋಗುತ್ತದೆ.

ನನಗೆ ಜಾಸ್ತಿ ಹೊತ್ತು ಹಿಡಿಯುವುದು ಮೂಳೆ ಕರಗುವುದನ್ನು ತಡೆಯುವ ಅಲೆಂಡ್ರೊನೇಟ್ ಮಾತ್ರೆಯ ವಿಷಯ. 70 ಮಿಲಿಗ್ರಾಂ, ವಾರಕ್ಕೊಂದೇ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ತುಂಬಿದ ಲೋಟ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಕಾಫಿಯೂ ಇಲ್ಲ! ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಯಾವುದು ಜೊತೆಗೆ ಹೋದರೂ ಔಷಧಿ ಮೈಗೆ ಹತ್ತುವುದಿಲ್ಲ. ಇದನ್ನು ಅಜ್ಜಿಗಿಂತ ಬೆಳಗ್ಗೆ ಕಾಫಿ ಕೊಡುವ ಸೊಸೆಗೆ ಹೇಳುವುದು ಮೇಲು. ಯಾವ ದಿನ ಅಂತ ಮರೆಯುವವರಿಗೆ ಸಂತೆ ದಿನವನ್ನೇ ಗೊತ್ತು ಮಾಡುತ್ತೇನೆ. ಕ್ಯಾಲ್ಸಿಯಂ ಮಾತ್ರೆ ಊಟದ ಜೊತೆಗಿರಲಿ.

ಬೆನ್ನು ಬಾಗಿ, ಮಾತ್ರೆ ನುಂಗಿದ ಮೇಲೆ ಅರ್ಧ ಗಂಟೆ ನೆಟ್ಟಗೆ ಕೂರಲು ಆಗದವರಿಗೆ ವರ್ಷಕ್ಕೊಮ್ಮೆ ಅದೇ ಬಗೆಯ ಜೊಲೆಡ್ರೊನಿಕ್ ಆಸಿಡ್ ಡ್ರಿಪ್. ಕಿಡ್ನಿ ತೀರಾ ಸೋತಿದ್ದರೆ ಅದು ಬೇಡ. ಹಲ್ಲು ಕೀಳಿಸುವುದಿದ್ದರೆ ಈ ಔಷಧಿಗೆ ಮೊದಲೇ ಮುಗಿಸಿ ಬನ್ನಿ ಅನ್ನುತ್ತೇನೆ.

‘ನೋವೇ ಕಮ್ಮಿ ಆಗಲಿಲ್ಲ’ ಅಂತ ಮಾತ್ರೆ ಬಿಡುವವರು ಬಹಳ. ಇದು ನೋವಿನ ಮಾತ್ರೆ ಅಲ್ಲ, ಮುಂದಿನ ಮುರಿತ ತಪ್ಪಿಸುವುದಕ್ಕೆ ಅಂತ ಚೀಟಿಯ ಮೇಲೇ ಬರೆದುಕೊಡುತ್ತೇನೆ. ಹಾಗಂತ ಕೊನೆತನಕ ನುಂಗುವಂಥದ್ದೂ ಅಲ್ಲ. ಸಾಮಾನ್ಯವಾಗಿ 5 ವರ್ಷಕ್ಕೆ ಮತ್ತೆ ನೋಡಿ ಮುಂದುವರಿಸಬೇಕೋ ಬೇಡವೋ ಅಂತ ತೀರ್ಮಾನಿಸುತ್ತೇವೆ. ಅದರ ನಡುವೆ ಬೀಳದೆಯೂ ತೊಡೆ ನೋಯಲು ಶುರುವಾದರೆ ತಡಮಾಡದೆ ಬರಬೇಕು. ಅಪರೂಪಕ್ಕೆ ಈ ಮಾತ್ರೆಯಿಂದಲೇ ತೊಡೆಮೂಳೆ ಬಿರುಕು ಬಿಡುವುದುಂಟು.