ಮಳೆಗಾಲದ ಮನೆಗೆ 2 ಕೆವಿಎ ಸಾಕು: ನನ್ನ ಅನುಭವ

ತೋಟದ ಮನೆಗೆ 5 ಕೆವಿಎಗಿಂತ (ಕೆವಿಎ ಎಂದರೆ ಜನರೇಟರಿನ ಶಕ್ತಿಯ ಅಳತೆ) ಚಿಕ್ಕ ಜನರೇಟರ್ ಆಗದು ಎಂಬುದು ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಎಲ್ಲರೂ ಹೇಳುವ ಮಾತು. ನಾನು 2 ಕೆವಿಎ ಪೆಟ್ರೋಲ್ ಯಂತ್ರ ತರುತ್ತೇನೆಂದಾಗ ವೈರಿಂಗಿನವರೂ ನೆರೆಕರೆಯವರೂ ಬೇಡವೆಂದರು. ಈಗ ಅವರಲ್ಲೇ ಕೆಲವರು ಬಂದು ನೋಡಿ, ಅದೇ ಅಳತೆಯದನ್ನು ಕೊಂಡಿದ್ದಾರೆ.

ನಮ್ಮಲ್ಲಿ ದಿನಗಟ್ಟಲೆ ಕರೆಂಟು ಹೋಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಗಾಳಿಗೆ ಮರಗಳು ಲೈನಿನ ಮೇಲೆ ಬೀಳುವ ಕಾಲದಲ್ಲಿ. ಆಗ ತೋಟಕ್ಕೆ ನೀರು ಬಿಡುವ ಕೆಲಸವೇ ಇರುವುದಿಲ್ಲ. ಬಾವಿಯ ನೀರೂ ಮೇಲೆ ಬಂದಿರುತ್ತದೆ. ಬೇಸಗೆಯ ಪಂಪಿನ ಲೆಕ್ಕ ಹಿಡಿದು ಮಳೆಗಾಲದ ಜನರೇಟರ್ ಕೊಳ್ಳುವುದು ಶುದ್ಧ ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಯಾರಿನಂತಹ ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ತಾನಾಗಿ ಅಂಗಳಕ್ಕೆ ಹರಿದು ಬರುವ ಮನೆಗಳಿಗೆ ಪಂಪಿನ ಲೆಕ್ಕವೇ ಬೇಡ.

ಕೊಳ್ಳುವ ಮೊದಲು ಪರೀಕ್ಷೆಗೆಂದು ಯಂತ್ರಗಳನ್ನು ಮನೆಗೇ ತರಿಸಿದ್ದೆ. 2 ಕೆವಿಎಗೆ ಹಳೆಯ ಒಂದೂವರೆ ಎಚ್‌ಪಿ ಪಂಪನ್ನು ಕೊಟ್ಟಾಗ ವೋಲ್ಟೇಜು 140ರ ಸುತ್ತ ಕುಸಿಯಿತು, ಮೋಟಾರು ಗುಂಯ್ ಎಂದು ನಿಂತಿತು, ಬ್ರೇಕರ್ ಬಿತ್ತು. ಡೀಸೆಲ್ 5 ಕೆವಿಎ ಅದೇ ಪಂಪನ್ನು ಸಲೀಸಾಗಿ ಎತ್ತಿತು. ಆದರೆ ಪಂಪು ನಿಂತ ಮೇಲೆ ಫ್ರಿಜ್ಜು ಮತ್ತು ನಾಲ್ಕು ಬಲ್ಬುಗಳಷ್ಟೇ ಉಳಿದು, ಇಂಜಿನ್ ಸರಿಯಾಗಿ ಬಿಸಿಯಾಗದೆ ಸೈಲೆನ್ಸರಿನ ಬಾಯಿಯಲ್ಲಿ ಕಪ್ಪು ಎಣ್ಣೆಮಸಿ ಕಟ್ಟತೊಡಗಿತು. ಬೆಲೆಯೂ ಲಕ್ಷದ ಮೇಲೆ. ಅದನ್ನು ಹಿಂದಕ್ಕೆ ಕಳುಹಿಸಿದೆ.

ಕೊನೆಗೆ ಹಳೆಯ ಪಂಪನ್ನು ತೋಟಕ್ಕೇ ಬಿಟ್ಟು, ಮನೆಯ ಟ್ಯಾಂಕಿಗೆಂದು ಅರ್ಧ ಎಚ್‌ಪಿಯ ಓಪನ್‌ವೆಲ್ ಪಂಪನ್ನು ಬೇರೆಯಾಗಿ ಇಳಿಸಿದೆ. ಅದಕ್ಕೆ ಸುಮಾರು 7,000 ರೂಪಾಯಿ, ಜನರೇಟರಿಗೆ 50,000ದ ಆಸುಪಾಸು, ಮನೆಯನ್ನು ಲೈನಿನಿಂದ ಪೂರ್ತಿ ಬಿಡಿಸಿ ಜನರೇಟರಿಗೆ ಹೊರಳಿಸುವ ಎರಡು ಪೋಲಿನ ಚೇಂಜ್ ಓವರ್ ಸ್ವಿಚ್ಚಿಗೂ ವೈರಿಂಗಿಗೂ 4,000 ಆಗಿರಬೇಕು. ಆ ಸ್ವಿಚ್ಚಿನಲ್ಲಿ ಉಳಿತಾಯ ಮಾಡಲು ಹೋಗಬಾರದು. ಮನೆಯ ಕರೆಂಟು ಹಿಂದಕ್ಕೆ ಹರಿದರೆ ಕಂಬದ ಮೇಲಿರುವ ಲೈನ್‌ಮನ್ನನ ಜೀವಕ್ಕೇ ಅಪಾಯ.

ಸಂಜೆ ಸುಮಾರು ಎರಡು ಗಂಟೆ ಮಾತ್ರ ಓಡಿಸುತ್ತೇನೆ. ಮೊದಲು ಪಂಪು ಒಂದೇ, ಅದು ಹಿಡಿತಕ್ಕೆ ಬಂದ ಮೇಲೆ ಫ್ರಿಜ್ಜು, ಆಮೇಲೆ ಇನ್ವರ್ಟರು. ಎಲ್ಲ ಸೇರಿ ಸಾವಿರ ವಾಟಿನ ಸುತ್ತ ನಿಲ್ಲುತ್ತದೆ. ಮಿಕ್ಸಿಯ ಸರದಿ ಟ್ಯಾಂಕು ತುಂಬಿದ ಮೇಲೆ. ಪಂಪಿನ ಪೆಟ್ಟಿಗೆಯ ಕೆಪಾಸಿಟರಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದ್ದೇನೆ. ಅದು ನನ್ನ ಬಳಿಯೇ ಇರಲಿ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇನ್ವರ್ಟರು. ಜನರೇಟರ್ ಓಡುತ್ತಿದ್ದರೂ ಅದು ಮೇನ್ಸ್ ಇಲ್ಲವೆಂದೇ ತಿಳಿದು ಬ್ಯಾಟರಿಯನ್ನು ಖಾಲಿ ಮಾಡುತ್ತಿತ್ತು. ಮಾರಿದ ಅಂಗಡಿಯವರು ಬೋರ್ಡು ಬದಲಿಸಬೇಕೆಂದು 3,000ಕ್ಕೂ ಮೇಲೆ ಕೇಳಿದರು. ಹಿಂಬದಿಯ ಚಿಕ್ಕ ಸ್ವಿಚ್ಚು ಯುಪಿಎಸ್ ಎಂಬಲ್ಲಿತ್ತು; ಆ ಸ್ಥಾನದಲ್ಲಿ ಇನ್ವರ್ಟರು 180 ವೋಲ್ಟಿಗಿಂತ ಕೆಳಗಿನದನ್ನು ಒಪ್ಪುವುದಿಲ್ಲ. ಪಕ್ಕದ ಸ್ಥಾನಕ್ಕೆ ತಳ್ಳಿದೊಡನೆ ಚಾರ್ಜು ಹಿಡಿಯಿತು, ಖರ್ಚೇನೂ ಆಗಲಿಲ್ಲ. ಬ್ಯಾಟರಿಗೆ 15 ಆಂಪಿಯರಿನಂತೆ ಎರಡು ಗಂಟೆಯಲ್ಲಿ 30 ಆಂಪಿಯರ್ ಅವರ್ ಸೇರಿದರೆ ನಾಲ್ಕು ಎಲ್‌ಇಡಿಗೂ ಕಡಿಮೆ ಕರೆಂಟು ಎಳೆಯುವ ಒಂದು ಬಿಎಲ್‌ಡಿಸಿ ಫ್ಯಾನಿಗೂ ನಡುರಾತ್ರಿಯವರೆಗೆ ಸಾಕು. ಪೆಟ್ರೋಲು ದಿನಕ್ಕೆ ಒಂದೂವರೆ ಲೀಟರ್, ಎಂದರೆ 160 ರೂಪಾಯಿಯಷ್ಟು.

ಆ ಖರ್ಚನ್ನೂ ಇಳಿಸಲು ಹಟ್ಟಿಯ ಗೋಬರ್ ಗ್ಯಾಸನ್ನು ಕಾರ್ಬ್ಯುರೇಟರಿನ ಮುಂದೆ ಅನಿಲವನ್ನು ಗಾಳಿಯೊಡನೆ ಬೆರೆಸುವ ಮಿಕ್ಸರ್ ಕೂರಿಸಿ ಕೊಟ್ಟು ನೋಡಿದೆ. ಗಂಧಕದ ವಾಸನೆಯ ಅನಿಲ ಇಂಜಿನ್ನನ್ನು ತಿನ್ನದಂತೆ ನಡುವೆ ಕಬ್ಬಿಣದ ಹೊಟ್ಟು ತುಂಬಿದ ಪೈಪು ಇಟ್ಟೆ. ಓಡುತ್ತದೆ, ಶಕ್ತಿ ಮಾತ್ರ ಕಾಲುಪಾಲು ಕಡಿಮೆ. ಒಂದು ಘನಮೀಟರ್ ಅನಿಲಕ್ಕೆ ಒಂದು ಯೂನಿಟ್ಟಿನಷ್ಟು ಸಿಗುತ್ತದೆ, ಆದರೆ ಆ ದಿನ ಅಡುಗೆಗೆ ಅನಿಲ ಉಳಿಯುವುದಿಲ್ಲ. ಹಸು ನಾಲ್ಕಕ್ಕಿಂತ ಹೆಚ್ಚಿರುವವರು ಇದನ್ನು ಮಾಡಿ ನೋಡಬಹುದು. ಮಿಕ್ಸರಿನ ತೂತಿನ ಅಳತೆಯನ್ನು ಮನೆಗೆ ಬಂದವರಿಗೆ ತೋರಿಸಿಕೊಡುತ್ತೇನೆ.