ಕ್ರೋಮ್ ಟ್ಯಾಂಕಿನ ಜಾವಾ: ಚಂದದ ಫೋಟೊ ತೆಗೆಯುವುದು ಹೇಗೆ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಇಂದಿಗೂ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದವರಿದ್ದಾರೆ. ಪ್ರತಿವರ್ಷ ಜುಲೈನ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನಕ್ಕೆಂದು ಬೆಂಗಳೂರಿನಲ್ಲಿ ಸೇರುತ್ತಾರೆ, ಮೊಬೈಲ್ ತುಂಬ ಫೋಟೊ ತೆಗೆದುಕೊಳ್ಳುತ್ತಾರೆ. ಆದರೆ ಎದುರಿಗೆ ಮಿರಮಿರ ಹೊಳೆಯುತ್ತಿದ್ದ ಟ್ಯಾಂಕ್ ಫೋಟೊದಲ್ಲಿ ಬರೀ ಬಿಳಿ ಮಚ್ಚೆಯಾಗಿರುತ್ತದೆ. ಟ್ಯಾಂಕಿನ ಪಕ್ಕದ ಕ್ರೋಮ್ ಲೇಪನ ಕನ್ನಡಿಯಂತೆಯೇ ಕೆಲಸ ಮಾಡುತ್ತದೆ. ಅದರೊಳಗೆ ಏನು ಕಾಣಬೇಕು ಎಂದು ನಿರ್ಧರಿಸಿದರೆ ಅರ್ಧ ಫೋಟೊ ಆದ ಹಾಗೆ.

ಮೊದಲು ಬೈಕ್ ಒರೆಸಿ. ಟ್ಯಾಂಕಿನ ಮೇಲಿನ ಬೆರಳಚ್ಚು, ರಿಮ್ಮಿನ ದೂಳು, ಸೈಲೆನ್ಸರ್ ತುದಿಯ ಕಪ್ಪು ಜಿಡ್ಡು ಹೋಗಲಿ. ಮೊಣಕಾಲು ತಾಗಿ ಸವೆದ ಬಣ್ಣವನ್ನು ಮುಚ್ಚಲು ಹೋಗಬೇಡಿ. ಅದು ಆ ಬೈಕಿನ ವಯಸ್ಸು, ಫೋಟೊದಲ್ಲಿ ಕಾಣಲೇಬೇಕು.

ಈಗ ಜಾಗ ಮತ್ತು ಹೊತ್ತು. ಇದಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಸೂರ್ಯ ಹುಟ್ಟುವ ಮೊದಲಿನ ಅಥವಾ ಮುಳುಗಿದ ನಂತರದ ಕಾಲು ಗಂಟೆಯಲ್ಲಿ ಆಕಾಶದ ಒಂದು ಮಗ್ಗುಲು ಮೃದುವಾಗಿ ಬೆಳಗುತ್ತಿರುತ್ತದೆ. ಮರ, ಕಂಬಗಳು ದೂರವಿರುವ ಮೈದಾನದಲ್ಲಿ, ಟ್ಯಾಂಕಿನ ಪಕ್ಕ ಆ ಬೆಳಕಿನ ಕಡೆಗಿರುವಂತೆ ಬೈಕ್ ನಿಲ್ಲಿಸಿ. ಫೋಟೊ ತೆಗೆಯುವ ಜಾಗದಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಕ್ರೋಮಿನೊಳಗೆ ನೋಡಿ. ನಿಮ್ಮ ಅಂಗಿ, ಪಕ್ಕದಲ್ಲಿ ನಿಂತ ಆಟೊ, ವಿದ್ಯುತ್ ಕಂಬ ಎಲ್ಲವೂ ಕಾಣುತ್ತವೆ. ಬೈಕನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಮೇಲೆ ಬೆಳ್ಳನೆಯ ಆಕಾಶ, ಕೆಳಗೆ ಕಪ್ಪು ನೆಲ, ನಡುವೆ ನೀಟಾದ ಒಂದು ಗೆರೆ ಮೂಡುತ್ತದೆ. ಟ್ಯಾಂಕಿನ ಉಬ್ಬು ಕಣ್ಣಿಗೆ ಕಟ್ಟುವುದು ಆ ಗೆರೆಯಿಂದಲೇ. ನೀವು ಕಪ್ಪು ಅಥವಾ ಕಡುಬೂದು ಅಂಗಿ ತೊಟ್ಟಿದ್ದರೆ ನಿಮ್ಮ ಪ್ರತಿಬಿಂಬವೂ ಅಷ್ಟಾಗಿ ಎದ್ದು ಕಾಣದು.

ಲೆನ್ಸಿನ ಮುಂದೆ ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಅದು ಬಣ್ಣದ ಮೇಲಿನ, ಗಾಜಿನ ಮೇಲಿನ ಪ್ರತಿಫಲನವನ್ನು ತಗ್ಗಿಸುತ್ತದೆ, ನಿಜ. ಬರಿಯ ಲೋಹದ ಹೊಳಪಿನ ಮೇಲೆ ಅದರ ಆಟ ನಡೆಯುವುದಿಲ್ಲ. ದುಡ್ಡು ಸುರಿಯುವ ಮುನ್ನ ಇದು ಗೊತ್ತಿರಲಿ.

ಇನ್ನು ಎಂಜಿನ್. ಟ್ಯಾಂಕಿನ ನೆರಳಲ್ಲಿ ಅದು ಕಪ್ಪು ಗುಹೆಯಾಗಿಬಿಡುತ್ತದೆ. ಒಂದು ಬಿಳಿ ಪಂಚೆಯನ್ನೋ ಥರ್ಮಾಕೋಲ್ ಹಾಳೆಯನ್ನೋ ಫೋಟೊದ ಅಂಚಿನಾಚೆ ನೆಲದ ಮೇಲೆ ಹಾಸಿ. ಕೆಳಗಿನಿಂದ ಚಿಮ್ಮುವ ಬೆಳಕಿಗೆ ಎಂಜಿನ್ ಸುತ್ತಲಿನ ಫಿನ್‌ಗಳು (ಲೋಹದ ಪದರಗಳು) ಒಂದೊಂದಾಗಿ ಬಿಡಿಸಿಕೊಂಡು ಕಾಣುತ್ತವೆ.

ಜಾವಾವನ್ನು ಎಡಗಡೆಯಿಂದ ತೆಗೆಯುವುದೇ ನನಗೆ ಇಷ್ಟ. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಇರುವುದು ಆ ಕಡೆಯೇ. ಬೈಕ್ ಬಲ್ಲವರ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ಮುಂಭಾಗದ ಎಡಮೂಲೆಯಿಂದ ತೆಗೆಯುವಾಗ ಹ್ಯಾಂಡಲ್ ಬಲಕ್ಕೆ ತುಸು ತಿರುಗಿರಲಿ. ಆಗ ಟೈರಿನ ಅಂಚಿನ ಬದಲು ಚಕ್ರದ ಕಡ್ಡಿಗಳೆಲ್ಲ ಕಾಣುತ್ತವೆ. ಮಂಡಿಯೂರಿ, ಕ್ಯಾಮೆರಾ ಹೆಡ್‌ಲೈಟಿಗಿಂತ ಮೇಲಕ್ಕೆ ಹೋಗದಂತೆ ನೋಡಿಕೊಳ್ಳಿ. ಹತ್ತಿರ ಹೋಗಿ ವೈಡ್ ಲೆನ್ಸಿನಲ್ಲಿ ತೆಗೆದರೆ ಮುಂದಿನ ಚಕ್ರ ಊದಿಕೊಂಡು ಹಿಂದಿನದು ಕುಗ್ಗುತ್ತದೆ. ಹತ್ತು–ಹದಿನೈದು ಅಡಿ ಹಿಂದೆ ಸರಿದು ಮೊಬೈಲ್‌ನಲ್ಲಿ 2ಎಕ್ಸ್, ಕ್ಯಾಮೆರಾದಲ್ಲಾದರೆ 50ರಿಂದ 85 ಎಂಎಂ ಲೆನ್ಸ್ ಬಳಸಿ. ಹ್ಯಾಂಡಲ್ ಹಿಂದೆ ಕಂಬ, ಕೊಂಬೆ ಇಲ್ಲದಂತೆ ಎಚ್ಚರವಹಿಸಿ.

ಓಡುವ ಬೈಕ್ ಬೇಕೆಂದರೆ ವಾಹನ ಸಂಚಾರವಿಲ್ಲದ ಜಾಗ ಹುಡುಕಿ, ಸವಾರ ಹೆಲ್ಮೆಟ್ ಹಾಕಿರಲಿ. ಶಟರ್ ವೇಗ 1/1000 ಸೆಕೆಂಡ್ ಇಟ್ಟರೆ ಚಕ್ರ ನಿಂತಂತೆ ಕಾಣುತ್ತದೆ. 1/60ಕ್ಕೆ ಇಳಿಸಿ, ಗಂಟೆಗೆ 40 ಕಿ.ಮೀ. ವೇಗದಲ್ಲಿ ನಿಮ್ಮೆದುರು ಅಡ್ಡಲಾಗಿ ಹಾದುಹೋಗುವ ಬೈಕಿನ ಜೊತೆಜೊತೆಗೇ ಸೊಂಟದಿಂದ ಮೇಲೆ ತಿರುಗುತ್ತಾ ಕ್ಲಿಕ್ಕಿಸುತ್ತಲೇ ಇರಿ. ಹಲವು ಕೆಡುತ್ತವೆ, ಕೆಡಲಿ.

ಜಾವಾದಂಥ ಟು-ಸ್ಟ್ರೋಕ್ ಬೈಕಿಗೆ (ಪೆಟ್ರೋಲ್ ಜೊತೆ ಆಯಿಲ್ ಕೂಡ ಉರಿಯುವ ಎಂಜಿನ್) ಇನ್ನೊಂದು ಭಾಗ್ಯವಿದೆ: ಹೊಗೆ. ಎಳೆಬಿಸಿಲು ಬೈಕಿನ ಹಿಂದಿನಿಂದ ಬೀಳುತ್ತಿದ್ದು, ಅದರಾಚೆ ಮರಗಳ ಕಡುನೆರಳಿದ್ದರೆ ನೀಲಿ ಹೊಗೆ ಎಳೆಎಳೆಯಾಗಿ ಕಾಣುತ್ತದೆ. ತಣ್ಣಗಿದ್ದ ಎಂಜಿನ್ ಶುರುವಾದ ಮೊದಲ ಒಂದೆರಡು ನಿಮಿಷ ಮಾತ್ರ ಹೊಗೆ ದಟ್ಟವಾಗಿರುತ್ತದೆ. ಹಾಗಾಗಿ ಫ್ರೇಮ್, ಫೋಕಸ್ ಎಲ್ಲ ಸರಿಮಾಡಿಕೊಂಡ ಮೇಲೆಯೇ ಕಿಕ್ ಹೊಡೆಯಲು ಹೇಳಿ.